ಬೇರೆಯವರಿಗೆ ಕೇಳಿಸದ ಸದ್ದು

ಕಾಲು ಮುರಿದವನನ್ನು ಕಂಡರೆ ನಾವು ಎದ್ದು ಸ್ಥಳ ಕೊಡುತ್ತೇವೆ. ಜ್ವರ ಬಂದವನ ಹಣೆಯನ್ನು ಮುಟ್ಟಿ ನೋಡಿ ನಂಬುತ್ತೇವೆ. ಆದರೆ ನನ್ನ ಕಿವಿಯಲ್ಲಿ ಹಗಲಿರುಳು ಒಂದು ಸದ್ದು ಇದೆ, ಅದು ನಿಲ್ಲುವದಿಲ್ಲ ಎಂದು ಹೇಳುವವನನ್ನು ಹೇಗೆ ನಂಬಬೇಕು? ಅವನ ಕಿವಿಗೆ ನಮ್ಮ ಕಿವಿಯನ್ನು ಹಚ್ಚಿದರೂ ಹೆಚ್ಚಾಗಿ ನಮಗೇನೂ ಕೇಳಿಸದು. ಅವನ ಬಾಯಿಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಈ ಬೇನೆಗೆ ಕಿವಿಮೊರೆತವೆಂದೂ, ಆಯುರ್ವೇದದಲ್ಲಿ ಕರ್ಣನಾದವೆಂದೂ, ಡಾಕ್ಟರರಲ್ಲಿ ಟಿನ್ನಿಟಸ್ ಎಂದೂ ಹೆಸರುಂಟು. ಇದನ್ನು ಅನುಭವಿಸುವವನಿಗೆ ನಾವು ಆಡತಕ್ಕ ಸತ್ಯವಾದ ಮಾತು ಯಾವದು ಎಂಬದನ್ನು ಸ್ವಲ್ಪ ವಿಚಾರಿಸೋಣ.

ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರಗಳ ಓಣಿಗಳಲ್ಲಿ ನಡೆದಾಡಿದವರು ಯಂತ್ರಮಗ್ಗದ ಸದ್ದನ್ನು ಬಲ್ಲರು. ಮಗ್ಗವೂ ಒಲೆಯೂ ಒಂದೇ ಸೂರಿನ ಕೆಳಗಿದ್ದಲ್ಲಿ ನೇಯುವವನು ಮಾತ್ರವಲ್ಲ, ರೊಟ್ಟಿ ಬಡಿಯುವವಳೂ ತೊಟ್ಟಿಲಿನ ಕೂಸೂ ಆ ಸದ್ದಿನಲ್ಲಿಯೇ ದಿನ ಕಳೆಯುತ್ತಾರೆ. ಉದ್ಯಮಬಾಗದ ಫೌಂಡ್ರಿಗಳಲ್ಲಿಯೂ ಕಬ್ಬಿಣ ಬಡಿಯುವ, ಉಜ್ಜುವ ಗದ್ದಲವುಂಟು. 85 ಡೆಸಿಬೆಲ್ಲಿಗೆ ಮೇಲ್ಪಟ್ಟ ಸದ್ದನ್ನು ದಿನಕ್ಕೆ 8 ತಾಸಿನಂತೆ ವರ್ಷಗಟ್ಟಳೆ ಕೇಳಿದ ಕಿವಿಗೆ ಹಾನಿ ತಟ್ಟುವ ಭಯವಿದೆ. ಮೊಳದ ದೂರದಲ್ಲಿ ನಿಂತವನಿಗೂ ಕೂಗಿಯೇ ಹೇಳಬೇಕಾದರೆ ಆ ಮಿತಿ ದಾಟಿತೆಂದು ತಿಳಿಯಬಹುದು. ಅಳೆಯುವ ಯಂತ್ರ ಬೇಕಾಗಿಲ್ಲ. ಒಳಕಿವಿಯಲ್ಲಿ ಕೂದಲಿನಂಥ ತುದಿಯುಳ್ಳ ಸೂಕ್ಷ್ಮ ಜೀವಕಣಗಳಿವೆ. ಅವು ಸತ್ತರೆ ಮತ್ತೆ ಹುಟ್ಟುವದಿಲ್ಲ. ಅವುಗಳಿಂದ ಬರತಕ್ಕ ಸುದ್ದಿ ನಿಂತಾಗ ಮೆದುಳು ಆಲಿಸುವ ತನ್ನ ಶಕ್ತಿಯನ್ನು ತಾನೇ ಏರಿಸಿಕೊಳ್ಳುತ್ತದೆಂದೂ, ಆ ಏರಿಕೆಯೇ ಹೊರಗಿಲ್ಲದ ಸದ್ದಾಗಿ ಕೇಳಿಸುತ್ತದೆಂದೂ ಈಗಿನ ಅನೇಕ ಪಂಡಿತರ ಅಭಿಪ್ರಾಯ.

ಇಂಥ ಕಾರ್ಖಾನೆಯೊಂದರಲ್ಲಿ ದುಡಿಯುವ, ಖಾನಾಪುರ ತಾಲೂಕಿನ ಒಬ್ಬನನ್ನು ಮನಸ್ಸಿಗೆ ತಂದುಕೊಳ್ಳಿರಿ. ಖಾನಾಪುರವು ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಅಲ್ಲಿಂದಾಚೆ ಕಾಡಂಚಿನಲ್ಲಿ ಅವನ ಊರು. ಯಂತ್ರದ ಬಳಿಯಲ್ಲಿ ಅವನ ಕಿವಿಯ ಸದ್ದು ಮುಚ್ಚಿಹೋಗಿರುತ್ತದೆ. ಮನೆಯಲ್ಲಿ ದೀಪ ಆರಿಸಿದ ಮೇಲೆ ಅದು ಏಳುತ್ತದೆ. ಮೊದಲು ಜೀರುಂಡೆಯೆಂದು ಎಣಿಸುತ್ತಾನೆ. ಹೆಂಡತಿಯನ್ನು ಎಬ್ಬಿಸಿ ಕೇಳಿದರೆ ಆಕೆಗೆ ಏನೂ ಕೇಳಿಸದು. ಎರಡನೆಯ ಸಾರೆ ಕೇಳಲು ಅವನಿಗೆ ನಾಚಿಕೆಯಾಗುತ್ತದೆ. ಊರಿನಲ್ಲಿ ಹೇಳಿದರೆ ಒಬ್ಬನು ಗಾಳಿ ಸೋಂಕಿತು ಅನ್ನುವನು, ಇನ್ನೊಬ್ಬನು ಬುದ್ಧಿ ಸ್ಥಿಮಿತ ತಪ್ಪಿತು ಅನ್ನುವನು.

ಎರಡೂ ಸುಳ್ಳು. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬವರು ಸರಿಯಾಗಿ ಕಿವಿ ಕೇಳುವ 80 ಜನರನ್ನು ಸದ್ದು ಹೊಗದ ಕೋಣೆಯಲ್ಲಿ ಕೂಡ್ರಿಸಿ ವಿಚಾರಿಸಿದಾಗ, ನೂರಕ್ಕೆ 94ರಷ್ಟು ಜನರು ಏನಾದರೊಂದು ಸದ್ದು ಕೇಳಿತೆಂದು ಹೇಳಿದರು. ಲೋಕದ ಪ್ರಾಯಸ್ಥರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಈ ಮೊರೆತ ಉಂಟೆಂದೂ, 2 ಮಂದಿಯಲ್ಲಿ ಅದು ಕಠಿಣವಾಗಿದೆಯೆಂದೂ 2022ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ನಮ್ಮ ಸಭೆಗಳವರು ಹೆಸರು ಬಲ್ಲ ಮಾರ್ಟಿನ್ ಲೂಥರನೇ 1530ರಲ್ಲಿ ಕೋಬುರ್ಗ್ ಕೋಟೆಯಲ್ಲಿದ್ದಾಗ ತನ್ನ ತಲೆಯಲ್ಲಿ ಗಂಟೆ ಬಾರಿಸಿದಂತೆ, ಗುಡುಗಿದಂತೆ ಆಗುತ್ತದೆಂದು ಪತ್ರದಲ್ಲಿ ತಿಳಿಸಿದನು. ಅವನು ಅದನ್ನು ಸೈತಾನನ ಮೇಲೆ ಹಾಕುತ್ತಿದ್ದನು. ಒಳಕಿವಿಯ ವಿಷಯ ಆ ಕಾಲದವರಿಗೆ ತಿಳಿದಿರಲಿಲ್ಲ. ನಮಗೆ ತಿಳಿದಿರಲಾಗಿ ರೋಗಿಯ ಮೇಲೆ ಸೈತಾನನನ್ನೂ ಪಾಪವನ್ನೂ ಹೊರಿಸುವದು ನ್ಯಾಯವಲ್ಲ.

ಇನ್ನು ಔಷಧದ ಮಾತು. ಈ ಬೇನೆಯವನಿಗೆ ಎರಡು ವಿಧದ ಅಸತ್ಯಗಳು ಎದುರಾಗುತ್ತವೆ. ಒಂದು, ಪೂರ್ಣ ಗುಣವಾಗುವದು ಎಂಬ ಮಾರಾಟಗಾರನ ಮಾತು. ಕಿವುಡುತನವನ್ನು ವಾಸಿಮಾಡುವೆವೆಂದು ಜಾಹೀರಾತು ಕೊಡುವದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೂ ಎಣ್ಣೆ, ಹನಿ, ಗುಳಿಗೆಗಳ ಮಾರಾಟವೇನೂ ನಿಂತಿಲ್ಲ. ಗಿಂಕೋ ಎಲೆಯ ಸಾರ, ಸತುವು, ಮೆಲಟೋನಿನ್ ಇವುಗಳನ್ನು ಕಿವಿಮೊರೆತಕ್ಕೆಂದು ಕೊಡಬಾರದೆಂದು ಅಮೆರಿಕದ ಕಿವಿವೈದ್ಯರ ಸಂಘವು 2014ರಲ್ಲಿ ಸಲಹೆ ಮಾಡಿತು. ನೆರೆಯವರು ಪ್ರೀತಿಯಿಂದ ಕಾಸಿ ಕೊಡುವ ಬೆಳ್ಳುಳ್ಳಿ ಎಣ್ಣೆಯೂ ತೂತುಬಿದ್ದ ತಮಟೆಗೆ ಅಪಾಯ ಮಾಡಬಲ್ಲದು. ಪ್ರೀತಿ ಇದ್ದ ಮಾತ್ರಕ್ಕೆ ಔಷಧವಾಗದು.

ಎರಡನೆಯ ಅಸತ್ಯವು ಇದಕ್ಕಿಂತ ಗೌರವಸ್ಥವಾಗಿ ಕಾಣುತ್ತದೆ. "ಏನೂ ಮಾಡಲಾಗದು, ಸಹಿಸಿಕೋ" ಎಂಬದೇ ಅದು. ಸುಳ್ಳು ಆಸೆ ತೋರಿಸಲಿಲ್ಲವೆಂದು ಹೇಳಿದವನು ಸಮಾಧಾನಪಡುವನು. ಆದರೆ ನನ್ನ ಎಣಿಕೆಯಲ್ಲಿ ಈ ಮಾತು ಮೊದಲಿನದಕ್ಕಿಂತ ಹೆಚ್ಚು ಕೇಡು ಮಾಡುತ್ತದೆ. ಯಾಕಂದರೆ ಈ ಬೇನೆಯಲ್ಲಿ ಸದ್ದು ಒಂದು, ಸದ್ದಿನ ಸಂಕಟ ಮತ್ತೊಂದು. ಮೆದುಳು ಅಪಾಯವೆಂದು ತಿಳಿದ ಸದ್ದನ್ನು ಬಿಡದೆ ಆಲಿಸುತ್ತದೆ. ಅಪಾಯವಿಲ್ಲವೆಂದು ತಿಳಿದದ್ದನ್ನು ಮೆಲ್ಲಗೆ ಮರೆಯುತ್ತದೆ. ರೈಲು ಹಳಿಯ ಪಕ್ಕದ ಮನೆಯವರು ಲೋಂಡಾ ಗಾಡಿ ಹೋದರೂ ನಿದ್ದೆಯಿಂದ ಏಳುವದಿಲ್ಲವಷ್ಟೆ. ಅದೇ ಮನೆಯ ತಾಯಿಯು ಕೂಸು ಮುಲುಗಿದರೆ ಏಳುತ್ತಾಳೆ. "ಏನೂ ಮಾಡಲಾಗದು" ಎಂದು ಕೇಳಿದವನಿಗೆ ಅವನ ಸದ್ದೇ ಶತ್ರುವಾಗುತ್ತದೆ, ಆಲಿಸುವದು ಹೆಚ್ಚುತ್ತದೆ, ನಿದ್ದೆ ಹೋಗುತ್ತದೆ. ಹೀಗೆ ವೈದ್ಯನ ನಾಲಿಗೆಯೇ ರೋಗವನ್ನು ಬೆಳೆಸುವದುಂಟು.

ಸತ್ಯವಾದರೋ ಈ ಎರಡರ ನಡುವೆ ಇದೆ. ಸದ್ದನ್ನು ಅಳಿಸಿಬಿಡುವ ನಿಶ್ಚಿತವಾದ ಔಷಧ ಇಂದಿನ ವರೆಗೆ ಇಲ್ಲ. ಸಂಕಟವನ್ನು ಇಳಿಸುವ ಉಪಾಯಗಳು ಉಂಟು. ಭಯದ ಯೋಚನೆಗಳನ್ನು ಒಂದೊಂದಾಗಿ ಪರೀಕ್ಷಿಸಿ ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯ ವಿಷಯವಾಗಿ ನಡೆದ 28 ಪರೀಕ್ಷೆಗಳನ್ನು 2020ರಲ್ಲಿ ಒಟ್ಟುಗೂಡಿಸಿ ನೋಡಲಾಗಿ, ಮೊರೆತದಿಂದ ಬಾಳಿಗೆ ಆಗುವ ಬಾಧೆ ಅದರಿಂದ ಕಡಿಮೆಯಾಗುವದೆಂದು ಕಂಡುಬಂತು. ಕಿವಿ ಮಂದವಾದವನಿಗೆ ಶ್ರವಣಯಂತ್ರ ಹಾಕಿದರೆ ಹೊರಗಿನ ಸದ್ದು ಒಳಗೆ ಬಂದು ಮೊರೆತವು ಹಿಂದೆ ಸರಿಯುವದುಂಟು. ಕೆಲವರಲ್ಲಿ ಕಾರಣವು ಗಟ್ಟಿಯಾದ ಗುಗ್ಗೆಯಷ್ಟೇ. ಅದನ್ನು ತೆಗೆಸಿದರೆ ಮುಗಿಯಿತು. ಸ್ಟ್ರೆಪ್ಟೋಮೈಸಿನ್‌ನಂಥ ಸೂಜಿಮದ್ದು ಆಗುತ್ತಿರುವಾಗ ಮೊರೆತ ಹುಟ್ಟಿದರೆ ಆ ದಿನವೇ ವೈದ್ಯರಿಗೆ ಹೇಳತಕ್ಕದ್ದು. ಒಂದೇ ಕಿವಿಯಲ್ಲಿ ಸದ್ದು, ನಾಡಿಯೊಡನೆ ಬಡಿಯುವ ಸದ್ದು, ತಲೆಸುತ್ತು ಇವು ಕಂಡರೂ ತಡಮಾಡದೆ ತೋರಿಸಬೇಕು. ಒಮ್ಮೆಲೇ ಕಿವಿ ಕೇಳದಂತಾದರೆ ಅದೇ ದಿನ ಹೋಗಬೇಕು; ಕೆಲವು ದಿನ ಕಳೆದರೆ ಚಿಕಿತ್ಸೆಯ ಫಲ ತಗ್ಗುತ್ತದೆ. ಬೆಳಗಾವಿಯಲ್ಲಿ ಸರ್ಕಾರದ ಜಿಲ್ಲಾ ಆಸ್ಪತ್ರೆಯೂ, 1963ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು.

ಹಾಗಾದರೆ ಔಷಧ ಹುಡುಕುವದನ್ನು ನಿಲ್ಲಿಸಬಹುದೋ? ನಿಲ್ಲಿಸುವದು ಸೋಲೆಂದು ಕೆಲವರು ತಿಳಿಯುತ್ತಾರೆ. ಒಮ್ಮೆ ಸರಿಯಾದ ಪರೀಕ್ಷೆಯಾಗಿ, ಬೇರೆ ರೋಗವಿಲ್ಲವೆಂದು ತಿಳಿದ ಮೇಲೆ, ಊರಿಂದೂರಿಗೆ ಅಲೆದು ಮಗಳ ಶಾಲೆಯ ಹಣವನ್ನು ಹೊಸ ಹೊಸ ಶೀಶೆಗಳಿಗೆ ಸುರಿಯುವದೇ ನನಗೆ ಹೆಚ್ಚಿನ ಸೋಲಾಗಿ ತೋರುತ್ತದೆ. ಪ್ರತಿಯೊಂದು ಹೊಸ ಮದ್ದೂ ಸದ್ದು ಇದೆಯೋ ಹೋಯಿತೋ ಎಂದು ಮತ್ತೆ ಆಲಿಸುವಂತೆ ಮಾಡುತ್ತದೆ. ಆದರೆ ಹುಡುಕುವದನ್ನು ಬಿಡು ಎಂದು ಅವನಿಗೆ ಹೇಳುವ ಅಧಿಕಾರ ಅವನ ಮಾತನ್ನು ನಂಬಿದವರಿಗೆ ಮಾತ್ರ ಉಂಟು. ಮನೆಯವರು ರಾತ್ರಿ ಒಂದು ಪಂಖವನ್ನೋ ಸಣ್ಣ ದನಿಯ ರೇಡಿಯೋವನ್ನೋ ಹಚ್ಚಿಡಲು ಒಪ್ಪಿದರೆ ಅವನಿಗೆ ನಿದ್ದೆ ಸುಲಭವಾಗುತ್ತದೆ. ಕರೆಂಟು ಹೋದ ಮಳೆಗಾಲದ ರಾತ್ರಿಗಳಲ್ಲಿ ಖಾನಾಪುರದ ಕಡೆಯ ಹೆಂಚುಗಳ ಮೇಲೆ ಬೀಳುವ ಮಳೆಯೇ ಆ ಕೆಲಸವನ್ನು ಮಾಡುತ್ತದೆ.