ಬಾಗಿದ ಕಡ್ಡಿ

ಐಸ್‌ಕ್ರೀಮ್ ಕಡ್ಡಿ, ಅಂಟು, ಆರು ವಾರ. ಒಂಟಾರಿಯೋದಲ್ಲಿ ನಾನು ಪಾಠ ಮಾಡುವ ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ಇಷ್ಟು ಕೊಟ್ಟು ಸೇತುವೆ ಕಟ್ಟಿ ಎನ್ನುತ್ತೇನೆ. ಕೊನೆಗೆ ಅದರ ನಡುವಿಗೆ ಬಕೆಟ್ ತೂಗುಹಾಕಿ, ಮುರಿಯುವವರೆಗೂ ಮರಳು ಸುರಿಯುವುದು. ಕೆಟ್ಟ ಮೇಲೇ ಬುದ್ಧಿ ಬರಲಿ ಎಂಬುದು ನನ್ನ ಹಠ. ಅದಕ್ಕೆ ಕಾರಣವಿದೆ. ಊರಿನಲ್ಲಿ ನಾನು ಓದುವಾಗ ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡಬೇಕಿತ್ತು. ನನ್ನದು ಎಂದೂ ಚೌಕವಾಗಲಿಲ್ಲ. ಅಟೆಂಡರ್ ಒಬ್ಬರು ಕನಿಕರಪಟ್ಟು ತಿದ್ದಿಕೊಟ್ಟರು. ಅಂಕ ಬಂತು, ಅರ ಹಿಡಿಯುವುದು ಇವತ್ತಿಗೂ ಬರಲಿಲ್ಲ.

ಕಳೆದ ವರ್ಷ ಪರೀಕ್ಷೆಯ ದಿನ ಒಬ್ಬ ಹುಡುಗಿ ಬಂದಳು. ತಮ್ಮ ಸೇತುವೆಯ ಮೇಲಿನ ಪಟ್ಟಿ ಪಕ್ಕಕ್ಕೆ ಬಾಗಿದೆ, ಜೊತೆಯವರು ಮೊದಲಿಂದಲೂ ಹಾಗೇ ಇತ್ತು ಎನ್ನುತ್ತಾರೆ, ಏನು ಮಾಡಲಿ ಎಂದಳು. ನನಗೆ ಎರಡು ದಿನ ಮೊದಲೇ ಕಂಡಿತ್ತು. ತೆಳು ಸ್ಕೇಲನ್ನು ಎರಡೂ ತುದಿಯಿಂದ ಒತ್ತಿದರೆ ಪಕ್ಕಕ್ಕೆ ಬಾಗುತ್ತದಲ್ಲ, ಅದೇ. ಒಂದು ಅಡ್ಡಕಡ್ಡಿ ಅಂಟಿಸಿದ್ದರೆ ಸಾಕಿತ್ತು. 'ಅದು ನಿಮ್ಮ ತಂಡದ ತೀರ್ಮಾನ' ಎಂದೆ. ಅರ್ಧ ಬಕೆಟ್ಟಿಗೇ ಮುರಿಯಿತು. ಮೂವರು ನಕ್ಕರು. ಅವಳು ನನ್ನ ಕಡೆ ನೋಡಿದಳು.

ಮರುವಾರದ ಪಾಠ, ಪ್ರತಿ ವರ್ಷದಂತೆ, ಕ್ವಿಬೆಕ್ ಸೇತುವೆ. ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದಾಗ ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದ ಕಿರಿಯ ಇಂಜಿನಿಯರ್ ನಾರ್ಮನ್ ಮೆಕ್ಲೂರ್ ಕಂಡ. ಅವು ಮೊದಲೇ ಬಾಗಿದ್ದವು ಎಂದು ಉಕ್ಕಿನ ಕಂಪನಿಯವರು ವಾದಿಸಿದರು. ಅವನು ನ್ಯೂಯಾರ್ಕಿಗೇ ಹೋಗಿ ಹಿರಿಯ ಸಲಹೆಗಾರ ಥಿಯೋಡರ್ ಕೂಪರ್‌ಗೆ ತಿಳಿಸಿದ. ಇನ್ನು ಭಾರ ಹೇರಬೇಡಿ ಎಂದು ಕೂಪರ್ ಕೊಟ್ಟ ತಂತಿ ಹೋದದ್ದು ಪೆನ್ಸಿಲ್ವೇನಿಯಾದ ಕಾರ್ಖಾನೆಗೆ, ಸೇತುವೆಯ ಜಾಗಕ್ಕಲ್ಲ. 1907ರ ಆಗಸ್ಟ್ 29ರ ಸಂಜೆ ಅದು ಕುಸಿದು 75 ಜನ ಸತ್ತರು. ಅವರಲ್ಲಿ 33 ಮಂದಿ ಕಾನವಾಕೆಯ ಮೊಹಾಕ್ ಕೆಲಸಗಾರರು.

ಕಂಡವರು ಹೇಳಬೇಕು, ಕೇಳಿದವರು ನಿಲ್ಲಿಸಬೇಕು ಎಂದು ಹೇಳಲು ಹೊರಟವನಿಗೆ ಬಾಯಿ ಕಟ್ಟಿತು. ಮರಳಿನ ಬಕೆಟ್ಟಿಗೂ 75 ಪ್ರಾಣಕ್ಕೂ ಎಲ್ಲಿಯ ಹೋಲಿಕೆ ಎಂದರು ಸಹೋದ್ಯೋಗಿಯೊಬ್ಬರು. ನಿಜ, ಯಾರಿಗೂ ಪೆಟ್ಟಾಗದಂತೆ ಮುರಿಯಲಿ ಎಂದೇ ಕಡ್ಡಿ ಕೊಡುವುದು. ಆ ಮೂವರು ಪಟ್ಟಿ ಏಕೆ ಬಾಗುತ್ತದೆಂದು ಕಲಿತರು. ಅವಳಿಗೆ ಅದು ಮೊದಲೇ ಗೊತ್ತಿತ್ತು. ಹೇಳಿದರೂ ಏನೂ ಆಗುವುದಿಲ್ಲ ಎಂಬುದೊಂದೇ ಅವಳಿಗೆ ಹೊಸದು, ಅದನ್ನು ಕಲಿಸಿದವನು ನಾನು. ಅಟೆಂಡರ್ ಮಾಡಿದ್ದಕ್ಕಿಂತ ಇದು ಹೇಗೆ ಮೇಲು?

ನಾನೂ ನೋಡಿದ್ದೆ ಎಂದು ಅವಳಿಗೆ ಹೇಳಿದೆ. 'ಗೊತ್ತು, ಅದಕ್ಕೇ ನಿಮ್ಮ ಹತ್ತಿರ ಬಂದದ್ದು' ಎಂದಳು.

ಈ ವರ್ಷ, ತಂಡದಲ್ಲಿ ಒಬ್ಬರು ಬೇಡ ಎಂದರೂ ಪರೀಕ್ಷೆ ಅರ್ಧ ಗಂಟೆ ನಿಲ್ಲುತ್ತದೆ. ಕಡ್ಡಿ ಎಲ್ಲಿ ಅಂಟಿಸಬೇಕೆಂದು ಈಗಲೂ ನಾನು ಹೇಳುವುದಿಲ್ಲ.