ಕೂಡಿಸಿಯೂ ಬೇರೆಯಾಗಿಡುವ ಜಾಗ

ಒಗ್ಗದ ಅಭಿರುಚಿಯ ಗುಂಪುಗಳು ಒಂದೇ ಜಾಗವನ್ನು ಬಳಸಬೇಕಾದಾಗ, ಯಾರಿಗೂ ಇರಿಸುಮುರಿಸಾಗದಂತೆ ಎಲ್ಲವನ್ನೂ ಸಪಾಟುಗೊಳಿಸಿ, ಯಾರದ್ದೂ ಅಲ್ಲದ ಅಂಗಳವೊಂದನ್ನು ಕಟ್ಟಿಬಿಡುವುದು ರೂಢಿಯ ಪರಿಹಾರ. ಜರ್ಮನಿಯಲ್ಲಿ ಹುಟ್ಟಿ, ನಾಜಿ ಆಳ್ವಿಕೆಯಲ್ಲಿ ದೇಶ ತೊರೆದು, ಕೊನೆಗೆ ಅಮೆರಿಕದಲ್ಲಿ ನೆಲೆಸಿದ ಚಿಂತಕಿ ಹನ್ನಾ ಅರೆಂಟ್ 1958ರ ‘ದಿ ಹ್ಯೂಮನ್ ಕಂಡಿಷನ್’ ಕೃತಿಯಲ್ಲಿ ಮಂಡಿಸಿದ ವಿಚಾರದ ಬೆಳಕಿನಲ್ಲಿ ನೋಡಿದರೆ ಈ ಪರಿಹಾರವೇ ತೊಡಕಿನದು. ಮನುಷ್ಯರು ಕಟ್ಟಿದ, ಕಟ್ಟಿದವರಿಗಿಂತ ಹೆಚ್ಚು ಕಾಲ ಬಾಳುವ ವಸ್ತುಗಳು ಅವರ ನಡುವೆ ನಿಂತು ಒಂದು ಜಗತ್ತಾಗುತ್ತವೆ. ಇದನ್ನು ಕನ್ನಡದಲ್ಲಿ ‘ನಡುವಣ ಜಗತ್ತು’ ಎನ್ನಬಹುದು. ಮೇಜು ತನ್ನ ಸುತ್ತ ಕುಳಿತವರನ್ನು ಕೂಡಿಸುವಂತೆಯೇ ಅವರು ಒಬ್ಬರ ಮೇಲೊಬ್ಬರು ಬೀಳದಂತೆಯೂ ತಡೆಯುತ್ತದೆ, ಅದು ಮಾಯವಾದರೆ ಅವರ ನಡುವೆ ಅಂತರವೂ ಉಳಿಯದು, ಸಂಬಂಧವೂ ಉಳಿಯದು ಎಂಬುದು ಅರೆಂಟ್ ಕೊಡುವ ನಿದರ್ಶನ. ಒಂದೇ ವಸ್ತುವನ್ನು ಬೇರೆ ಬೇರೆ ಕಡೆಯಿಂದ ಕಾಣುವವರು ಇರುವುದರಿಂದಲೇ ಆ ಜಗತ್ತು ನಿಜವೆನಿಸುತ್ತದೆ ಎಂಬುದು ಅವರ ನಿಲುವು.

ಲಂಡನ್‌ನ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ 1967ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಹಾಲ್ ಇಂಥ ನಡುವಣ ಜಗತ್ತಿಗೆ ಒಳ್ಳೆಯ ಉದಾಹರಣೆ. ಸೆಂಟ್ರಿಂಗ್ ಹಲಗೆ ಕಿತ್ತ ಮೇಲೆ ಮರದ ಎಳೆಗಳೆಲ್ಲ ಅಚ್ಚೊತ್ತಿ ಉಳಿದ, ಗಾರೆ ಬಣ್ಣ ಕಾಣದ ಒರಟು ಕಾಂಕ್ರೀಟಿನ ಈ ಕಟ್ಟಡದ ಮೇಲ್ಭಾಗ ಸಂಗೀತ ಕಛೇರಿಗೆ ಮೀಸಲು. ಅದರ ಅಡಿಯಲ್ಲಿ ದಪ್ಪ ಕಂಬಗಳ ನಡುವೆ ನುಣುಪು ನೆಲವೂ ಇಳಿಜಾರುಗಳೂ ಇದ್ದ ಜಾಗಕ್ಕೆ ಗೊತ್ತಾದ ಕೆಲಸವೇ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಸ್ಕೇಟ್‌ಬೋರ್ಡ್ ಹುಡುಗರು ಅಲ್ಲಿಗೆ ಬಂದರು, ಗೋಡೆಗಳ ಮೇಲೆ ಬಣ್ಣದ ಬರಹಗಳು ಬಂದವು, ಚಕ್ರಗಳು ಚಪ್ಪಡಿಯ ಸಂದಿ ದಾಟುವ ಕಟಕಟ ಸದ್ದು ಆ ಜಾಗದ ಗುರುತಾಯಿತು. ಕಛೇರಿಗೆ ಬಂದವರು ಸ್ಕೇಟ್ ಕಲಿಯಲಿಲ್ಲ, ಸ್ಕೇಟಿನವರು ಟಿಕೆಟ್ ಕೊಳ್ಳಬೇಕಾಗಲಿಲ್ಲ. ಆದರೂ ಒಂದೇ ಕಟ್ಟಡ ಇಬ್ಬರ ನಡುವೆಯೂ ನಿಂತಿತ್ತು. ವಾಸ್ತುಶಿಲ್ಪಿಗಳು ಇದನ್ನು ಉದ್ದೇಶಿಸಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ, ಏಕೆಂದರೆ ಬಳಕೆಯನ್ನು ಪೂರ್ತಿ ನಿಗದಿಮಾಡದೆ ಬಿಟ್ಟ ಕಡೆಯಲ್ಲೇ ಎರಡನೆಯ ನೋಟಕ್ಕೆ ಎಡೆ ಸಿಕ್ಕಿತು.

2013ರಲ್ಲಿ ಅಲ್ಲಿ ಅಂಗಡಿಗಳನ್ನು ತೆರೆದು, ಸ್ಕೇಟಿನವರಿಗೆ ಹತ್ತಿರದ ಸೇತುವೆಯ ಕೆಳಗೆ ಹೊಸ ಜಾಗ ಕಟ್ಟಿಕೊಡುವ ಯೋಜನೆ ಬಂದಾಗ ಅವರು ಒಪ್ಪಲಿಲ್ಲ. ಇದು ಬರೀ ಹಟವಾಗಿರಲಿಲ್ಲ. ದಶಕಗಳ ಬಳಕೆಯಿಂದ ಸವೆದ ಅಂಚುಗಳನ್ನು ಹೊಸದಾಗಿ ಎರಕ ಹೊಯ್ಯಲಾಗದು, ಜಾಗವೆಂಬುದು ಪದಾರ್ಥ ಬದಲಿಸಬಹುದಾದ ಡಬ್ಬಿಯಲ್ಲ ಎಂಬ ವಾದ ಅದರಲ್ಲಿತ್ತು. ಅರೆಂಟ್‌ಗೆ ಆಟಕ್ಕಿಂತ ಮಾತು ಮತ್ತು ಕ್ರಿಯೆಗಳೇ ಸಾರ್ವಜನಿಕ ಬದುಕಿನ ತಿರುಳು. ಆ ಲೆಕ್ಕದಲ್ಲಿ ಈ ಹುಡುಗರು ಸಾರ್ವಜನಿಕರಾದದ್ದು ಹಲಗೆಯ ಮೇಲೆ ಹಾರಿದಾಗಲ್ಲ, ಅಹವಾಲು ಹಿಡಿದು ವಾದಿಸಿದಾಗ. 2014ರಲ್ಲಿ ಸ್ಕೇಟಿನವರು ಅಲ್ಲೇ ಉಳಿಯುವಂತೆ ಒಪ್ಪಂದವಾಯಿತು, ಮುಚ್ಚಿದ್ದ ಒಂದು ಭಾಗವೂ 2019ರಲ್ಲಿ ಮತ್ತೆ ತೆರೆಯಿತು.

ಆದರೆ ನಡುವಣ ಜಗತ್ತಿನೊಳಗೆ ಯಾರು ಬರಬಲ್ಲರು ಎಂಬ ಪ್ರಶ್ನೆಯನ್ನು ಈ ಗೆಲುವು ಬಗೆಹರಿಸುವುದಿಲ್ಲ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ವಾಟರ್‌ಲೂ ನಿಲ್ದಾಣದ ಬಳಿಯ ವೃತ್ತದ ಕೆಳಗೆ, ಎಂಬತ್ತರ ದಶಕದಿಂದ ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗುತ್ತಿದ್ದ ಮನೆಯಿಲ್ಲದವರನ್ನು 1998ರಲ್ಲಿ ತೆರವುಗೊಳಿಸಲಾಯಿತು. ಅಲ್ಲಿ ಈಗಿರುವುದು ಐಮ್ಯಾಕ್ಸ್ ಚಿತ್ರಮಂದಿರ.