ಸಭೆಯಲ್ಲಿ ಮೌನ: ಸುಣ್ಣದಕಲ್ಲಿನ ನಾಡಿನಲ್ಲಿ ಸಲಹೆಗಾರನ ದೋಷ

ನಿರ್ಧರಿಸುವ ಅಧಿಕಾರ ಕೈಯಲ್ಲಿಲ್ಲದೆ ಸಲಹೆ ಹೇಳಲೆಂದಷ್ಟೇ ನೇಮಕಗೊಂಡವನಿಗೆ, ಆ ಸಲಹೆಯ ನಂತರ ನಡೆದ ಕೆಡುಕಿನಲ್ಲಿ ಪಾಲಿದೆಯೆ ಇಲ್ಲವೆ ಎಂಬುದು ಧರ್ಮಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲಿ ಒಂದು. ಪರಿಸರ ಮತ್ತು ಸಾಮಾಜಿಕ ಸುಸ್ಥಿರತೆಯನ್ನು, ಎಂದರೆ ನೆಲ, ನೀರು, ದುಡಿಮೆಗಳನ್ನು ಮುಂದಿನವರಿಗೂ ಉಳಿಯುವಂತೆ ಬಳಸುವ ಬಗೆಯನ್ನು, ಅಧ್ಯಯನ ಮಾಡುವ ಸಂಶೋಧನಾ ಸಂಸ್ಥೆಗಳಿಗೆ ಸಾಮಾನ್ಯವಾಗಿ ಒಂದು ಸಲಹಾ ಮಂಡಳಿ ಇರುತ್ತದೆ. ವಿಜ್ಞಾನಿಗಳು, ನಿವೃತ್ತ ಅಧಿಕಾರಿಗಳು, ಉದ್ಯಮಿಗಳು, ಸಮಾಜಸೇವಕರು ಕೂಡುವ ಆ ಮಂಡಳಿಗೆ ಆಡಳಿತದ ಅಧಿಕಾರವಿಲ್ಲ. ಸಂಶೋಧನೆಯ ದಿಕ್ಕು, ಹಣದ ಮೂಲ, ವರದಿಯ ಪ್ರಾಮಾಣಿಕತೆ ಇವುಗಳ ಬಗ್ಗೆ ಅಭಿಪ್ರಾಯ ತಿಳಿಸುವುದು ಅದರ ಕೆಲಸ. ಆದ್ದರಿಂದಲೇ ಅದನ್ನು ಹೊಣೆಯಿಲ್ಲದ ಗೌರವವೆಂದು ಭಾವಿಸುವುದು ರೂಢಿಯಾಗಿದೆ. ಆ ಭಾವನೆ ತಪ್ಪೆಂದು ತೋರಿಸಲು ದೂರ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯಲ್ಲಿ ನೆಲೆಗೊಂಡಿದ್ದ ಮೂರು ಬೇರೆ ಬೇರೆ ಪರಂಪರೆಗಳು ಈ ಪ್ರಶ್ನೆಗೆ ಉತ್ತರ ಕೊಟ್ಟಿವೆ.

ಈ ಸೀಮೆಯ ಬದುಕಿಗೆ ತಳಹದಿಯಾಗಿರುವುದು ಸುಣ್ಣದಕಲ್ಲು. ಹಾರೆ ಹಾಕಿ ಎಬ್ಬಿಸಿದರೆ ಪದರು ಪದರಾಗಿ ಏಳುವ ಈ ಕಲ್ಲು ಶಹಾಬಾದ್ ಪರಸಿಯೆಂಬ ಹೆಸರಿನಲ್ಲಿ ಮನೆಗಳ ನೆಲಹಾಸಾಗುತ್ತದೆ. ಪುಡಿಯಾಗಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನ ಗೂಡನ್ನು ಹೊಕ್ಕಾಗ ಕ್ಲಿಂಕರ್, ಎಂದರೆ ಅರೆದು ಸಿಮೆಂಟ್ ಮಾಡಲಾಗುವ ಗಟ್ಟಿ ಉಂಡೆಯಾಗುತ್ತದೆ. ಮಣ್ಣಿಗೆ ಸುಣ್ಣದಂಶ ಒದಗಿಸಿ, 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ರುಚಿಗೂ ಕಾರಣವಾಗುತ್ತದೆ. ವಾಡಿಯಲ್ಲಿ 1968ರಿಂದ ಸಿಮೆಂಟ್ ತಯಾರಾಗುತ್ತಿದೆ. ಸೇಡಂ, ಮಳಖೇಡ, ಚಿತ್ತಾಪುರ, ಚಿಂಚೋಳಿಗಳಿಗೂ ಕಾರ್ಖಾನೆಗಳು ಬಂದಿವೆ. ರೈತನ ಹೊಲ, ಗಣಿಯ ಗುತ್ತಿಗೆ, ಕಾರ್ಮಿಕನ ಕೂಲಿ ಮೂರೂ ಒಂದೇ ಕಲ್ಲನ್ನು ನೆಚ್ಚಿಕೊಂಡಿರುವಾಗ, ಇಲ್ಲಿ ಯಾವುದು ಸುಸ್ಥಿರ ಎಂದು ಹೇಳುವವನ ಮಾತಿಗೆ ಮಾಮೂಲಿಗಿಂತ ಹೆಚ್ಚಿನ ತೂಕ ಬರುತ್ತದೆ.

ಮೂರರಲ್ಲಿ ಮೊದಲನೆಯದು ಭೀಮಾ ತೀರದ ಸನ್ನತಿಯದು. ಚಿತ್ತಾಪುರ ತಾಲ್ಲೂಕಿನ ಈ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಗುಡಿಯಲ್ಲಿ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿರುವುದು 1980ರ ದಶಕದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂತು. ಅವುಗಳಲ್ಲಿ, ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಹೆಚ್ಚು ಪೂರ್ಣವಾಗಿ ದೊರೆತಿರುವ ಪ್ರತ್ಯೇಕ ಶಾಸನಗಳ ಭಾಗಗಳೂ ಇವೆ. ಅಧಿಕಾರಿಗಳನ್ನು ಉದ್ದೇಶಿಸಿದ ಮೊದಲನೆಯ ಪ್ರತ್ಯೇಕ ಶಾಸನವು ನಿಷ್ಪಕ್ಷಪಾತಕ್ಕೆ ಅಡ್ಡಬರುವ ದೋಷಗಳನ್ನು ಹೆಸರಿಸುವಾಗ ಅಸೂಯೆ, ಕೋಪ, ಕಾಠಿಣ್ಯಗಳ ಜೊತೆಗೆ ಅವಸರ, ಆಲಸ್ಯ ಮತ್ತು ದಣಿವನ್ನೂ ಸೇರಿಸುತ್ತದೆ. ದಣಿವೂ ನೈತಿಕ ದೋಷವೆಂಬ ಈ ಎಣಿಕೆ ಗಮನಾರ್ಹವಾದುದು, ಏಕೆಂದರೆ ನೂರಾರು ಪುಟಗಳ ವರದಿಯನ್ನು ಓದದೆ ಒಪ್ಪಿಗೆ ಹಾಕುವ ಸದಸ್ಯನಲ್ಲಿ ದುರಾಸೆಯಾಗಲಿ ದ್ವೇಷವಾಗಲಿ ಇರಬೇಕಾಗಿಲ್ಲ.

ಎರಡನೆಯದು ಸೇಡಂ ತಾಲ್ಲೂಕಿನ ಮಳಖೇಡದ್ದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿ, ಅಮೋಘವರ್ಷನ ಗುರುವೆನಿಸಿದ ಜಿನಸೇನನ ಕಾಲದಿಂದ ಜೈನ ವಿದ್ವತ್ತಿನ ದೊಡ್ಡ ನೆಲೆಯಾಗಿದ್ದ ಊರು ಇದು. ಜೈನ ಕರ್ಮವಿಚಾರದಲ್ಲಿ ಹಿಂಸೆಯನ್ನು ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಒಪ್ಪುವುದು ಅನುಮತ ಅಥವಾ ಅನುಮೋದನ, ಮೂರರಿಂದಲೂ ಕರ್ಮಬಂಧವಾಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇವನ್ನು ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳೊಡನೆ, ಮನೋವಾಕ್ಕಾಯಗಳೊಡನೆ ಮತ್ತು ನಾಲ್ಕು ಕಷಾಯಗಳೊಡನೆ, ಎಂದರೆ ಕ್ರೋಧ, ಮಾನ, ಮಾಯೆ, ಲೋಭಗಳೊಡನೆ, ಗುಣಿಸಿ 108 ಬಗೆಗಳನ್ನು ಹೇಳುತ್ತದೆ. ಕೆಲಸ ಇನ್ನೂ ಕಾಗದದ ಮೇಲಿರುವಾಗಲೇ ಅದನ್ನು ಮನಸ್ಸಿನಲ್ಲಿ ಒಪ್ಪಿದವನೂ ಈ ಲೆಕ್ಕದಿಂದ ಹೊರಗುಳಿಯುವುದಿಲ್ಲ.

ಆದರೂ ಸಭೆಯಲ್ಲಿ ಕುಳಿತವನ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ಬಿಡಿಸಿದವನು ವಿಜ್ಞಾನೇಶ್ವರ. ಶಹಾಬಾದ್ ಬಳಿಯ ಮರತೂರು ಅವನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ, ಎಂದರೆ ಆಸ್ತಿ ಹಂಚಿಕೆಯ, ವಿಚಾರದಲ್ಲಿ ನ್ಯಾಯಾಲಯಗಳಿಗೆ ಆಧಾರವಾದದ್ದರಿಂದ ಅದರ ವ್ಯವಹಾರಾಧ್ಯಾಯದ ಆರಂಭದಲ್ಲಿರುವ ಸಭಾವಿಚಾರವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸಭೆಯಲ್ಲಿರುವವರನ್ನು ಅವನು ನಿಯುಕ್ತರು ಮತ್ತು ಅನಿಯುಕ್ತರು, ಎಂದರೆ ರಾಜನು ನೇಮಿಸಿದವರು ಮತ್ತು ನೇಮಕವಿಲ್ಲದೆ ಬಂದು ಕುಳಿತ ಬಲ್ಲವರು, ಎಂದು ವಿಂಗಡಿಸುತ್ತಾನೆ. ಅನಿಯುಕ್ತನು ತಿರುಚಿ ಹೇಳಿದರೆ ದೋಷ, ಏನನ್ನೂ ಹೇಳದಿದ್ದರೂ ದೋಷ. ಆದರೆ ರಾಜನನ್ನು ತಡೆಯದಿದ್ದುದಕ್ಕೆ ಅವನಿಗೆ ದೋಷವಿಲ್ಲ. ನಿಯುಕ್ತನಿಗಾದರೋ ಇದ್ದದ್ದನ್ನು ಇದ್ದಂತೆ ಹೇಳಿದ ಮಾತ್ರಕ್ಕೆ ಬಿಡುಗಡೆಯಿಲ್ಲ. ಹೇಳಿದ ಮೇಲೂ ರಾಜನು ಬೇರೆ ರೀತಿ ನಡೆದರೆ ಅವನನ್ನು ತಡೆಯಬೇಕು, ತಡೆಯದಿದ್ದರೆ ದೋಷ ನಿಯುಕ್ತನಿಗೂ ತಗಲುತ್ತದೆ. ರಾಗ, ಲೋಭ, ಭಯಗಳಿಂದ ಸ್ಮೃತಿಗೆ ವಿರುದ್ಧವಾಗಿ ನಡೆದ ಸಭ್ಯರಲ್ಲಿ, ಎಂದರೆ ಸಭಾಸದರಲ್ಲಿ, ಪ್ರತಿಯೊಬ್ಬನಿಗೂ, ಸೋತ ಕಕ್ಷಿಗೆ ವಿಧಿಸುವ ದಂಡದ ಇಮ್ಮಡಿಯನ್ನು ಬೇರೆ ಬೇರೆಯಾಗಿ ವಿಧಿಸಬೇಕೆಂಬ ಮೂಲದ ಮಾತನ್ನೂ ಅವನು ವಿವರಿಸುತ್ತಾನೆ. ಮಂಡಳಿಯ ಒಟ್ಟು ನಿರ್ಣಯದ ಹಿಂದೆ ಒಬ್ಬೊಬ್ಬ ಸದಸ್ಯನು ಮರೆಯಾಗುವುದಕ್ಕೆ ಇಲ್ಲಿ ಎಡೆಯಿಲ್ಲ.

ಇದ್ದದ್ದನ್ನು ಇದ್ದಂತೆ ಹೇಳುವುದೆಂದರೆ ಏನೆಂಬುದಕ್ಕೆ ಸಿಮೆಂಟನ್ನೇ ನೋಡಬಹುದು. ಸಿಮೆಂಟ್ ತಯಾರಿಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಉರುವಲಿನದಲ್ಲ, ಕಾದ ಸುಣ್ಣದಕಲ್ಲೇ ಬಿಟ್ಟುಕೊಡುವಂಥದು. ಕಾರ್ಖಾನೆಯ ಮಾಡಿನ ಮೇಲೆ ಸೌರಫಲಕ ಹಾಕಿದರೆ, ಸುತ್ತ ಸಸಿ ನೆಟ್ಟರೆ ಈ ಪಾಲು ಕಡಿಮೆಯಾಗುವುದಿಲ್ಲ. ಕ್ಲಿಂಕರಿನ ಪ್ರಮಾಣವನ್ನೇ ತಗ್ಗಿಸಬೇಕು, ಇಲ್ಲವೆ ಅನಿಲವನ್ನು ಹಿಡಿದಿಡಬೇಕು. ಇದನ್ನು ಬಲ್ಲ ರಸಾಯನಶಾಸ್ತ್ರಜ್ಞನು ಹಸಿರು ಕಾರ್ಖಾನೆಯೆಂಬ ಶಿಫಾರಸಿಗೆ ಸುಮ್ಮನೆ ತಲೆಯಾಡಿಸಿದರೆ ಮಿತಾಕ್ಷರೆಯ ಪ್ರಕಾರ ಅವನದು ಹೇಳದಿದ್ದ ದೋಷ, ಮಳಖೇಡದ ಜೈನ ವಿದ್ವಾಂಸರ ಪ್ರಕಾರ ಅನುಮೋದನದ ದೋಷ.

ತಡೆಯುವ ಶಕ್ತಿ ಸಲಹೆಗಾರನಿಗೆಲ್ಲಿದೆ ಎಂಬ ಆಕ್ಷೇಪ ಸಹಜವಾದುದು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ವರ್ಷಕ್ಕೆ 10 ಲಕ್ಷ ಟನ್ನು ಅಥವಾ ಅದಕ್ಕೆ ಮೇಲ್ಪಟ್ಟ ಸಾಮರ್ಥ್ಯದ ಸಿಮೆಂಟ್ ಕಾರ್ಖಾನೆಯ ಪ್ರಸ್ತಾವವನ್ನು ಕೇಂದ್ರದ ತಜ್ಞರ ಸಮಿತಿಯೊಂದು ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಅನುಮತಿ ಕೊಡುವುದು ಸಚಿವಾಲಯ, ಮತ್ತು ಸಮಿತಿಯ ಮುಂದೆ ಬರುವ ಅಧ್ಯಯನ ವರದಿ ಕಂಪನಿಯೇ ಹಣ ಕೊಟ್ಟು ಬರೆಸಿದ್ದು. ಆದರೆ ತಡೆಯುವುದೆಂದರೆ ಕೈಹಿಡಿದು ನಿಲ್ಲಿಸುವುದೊಂದೇ ಅಲ್ಲ. ಭಿನ್ನಮತವನ್ನು ನಡಾವಳಿಯಲ್ಲಿ ಬರೆಸುವುದು, ಜನರ ಭಾಷೆಯಲ್ಲಿ ಪ್ರಕಟಿಸುವುದು, ಕೊನೆಗೆ ಸ್ಥಾನ ಬಿಡುವುದು ಇವೂ ತಡೆಯುವ ಕ್ರಮಗಳೇ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿಯು 2011ರಲ್ಲಿ ಕೊಟ್ಟ ವರದಿಯನ್ನು ಸರ್ಕಾರ ಪೂರ್ಣವಾಗಿ ಒಪ್ಪದೆ ಮತ್ತೊಂದು ಸಮಿತಿಯನ್ನು ನೇಮಿಸಿತಾದರೂ, ಆ ವರದಿಯ ಮಾತು ಲಿಖಿತವಾಗಿ ಉಳಿದದ್ದರಿಂದಲೇ ಘಟ್ಟದ ಪ್ರತಿಯೊಂದು ಭೂಕುಸಿತದ ನಂತರ ಅದನ್ನು ಮತ್ತೆ ತೆರೆದು ನೋಡಬೇಕಾಗಿ ಬಂದಿದೆ.

ಮಿತಾಕ್ಷರೆಯ ಮಿತಿಯನ್ನೂ ಮರೆಮಾಚಬಾರದು. ಅದರ ಸಭ್ಯರು ವೇದಾಧ್ಯಯನ ಮಾಡಿದ ಬ್ರಾಹ್ಮಣರು. ಕಲ್ಲು ಒಡೆಯುವವನಿಗೂ ಹೆಂಗಸಿಗೂ ಆ ಸಭೆಯಲ್ಲಿ ಆಸನವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ಶರಣರು ಆ ಬಾಗಿಲನ್ನು ತೆರೆದರು ಎಂಬುದನ್ನು ಇಂದಿನ ಮಂಡಳಿಗಳು ನೆನೆಯಬೇಕು. ಬೃಹಸ್ಪತಿ ಸ್ಮೃತಿಯು ಮಾತ್ರ ಕಾಡಿನಲ್ಲಿ ಸಂಚರಿಸುವವರ ವ್ಯವಹಾರವನ್ನು ಕಾಡಿನಲ್ಲೇ, ವರ್ತಕರದನ್ನು ಅವರ ತಂಡದಲ್ಲೇ ನಡೆಸಬೇಕೆಂಬ ಬಹಳ ನ್ಯಾಯವಾದ ಮಾತನ್ನು ಹೇಳುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡಿನ ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ಆ ಕಾಡಿನ ಕುರಿತ ಸಭೆ ತಾಂಡಾದಲ್ಲೇ ಕೂಡುವುದು ಈ ಸ್ಮೃತಿಗೆ ಒಪ್ಪುವ ಕ್ರಮ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮೇಲಿಂದ ಮೇಲೆ ನಡುಗಿ, ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದಾಗ, ವಿಜ್ಞಾನಿಗಳು ಊರಿಗೇ ಬಂದು ಮಳೆಗಾಲದ ನಂತರ ನೆಲದಾಳಕ್ಕೆ ಇಳಿಯುವ ನೀರಿನಿಂದ ಇಂಥ ಕಂಪನಗಳಾಗಬಹುದೆಂದು ವಿವರಿಸಿದರು. ಎಲ್ಲರ ಭಯವೂ ಅದರಿಂದ ಹೋಗದಿದ್ದರೂ, ಭಯಪಟ್ಟವರ ಮುಂದೆ ನಿಂತು ಉತ್ತರಿಸಿದ್ದು ಸರಿಯಾದ ನಡೆ. ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಕೋಣೆಯಲ್ಲಿ ಕುಳಿತು ಬರೆದ ಟಿಪ್ಪಣಿ ಅದಕ್ಕೆ ಸಮನಾಗಲಾರದು.

ಸಭೆಯನ್ನು ಪ್ರವೇಶಿಸದೆ ಇರುವ ದಾರಿಯನ್ನೂ ಧರ್ಮಶಾಸ್ತ್ರ ತೆರೆದಿಟ್ಟಿದೆ; ಹೊಕ್ಕ ಮೇಲೆ ಮಾತ್ರ ನೇರವಾಗಿ ನುಡಿಯಲೇಬೇಕು ಎಂಬುದು ಮನುಸ್ಮೃತಿಯ ನಿಲುವು. ಆದುದರಿಂದ ಈ ಸೀಮೆಯ ನೆಲ, ನೀರು, ಜನರ ಕುರಿತ ಯಾವುದೇ ಮಂಡಳಿಗೆ ಆಹ್ವಾನ ಪಡೆದವರು ಒಪ್ಪಿಗೆಯ ಪತ್ರ ಬರೆಯುವ ಮೊದಲು ಸಂಸ್ಥೆಗೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಹಣ ಯಾರದು, ಭಿನ್ನಮತ ನಡಾವಳಿಯಲ್ಲಿ ದಾಖಲಾಗುವುದೆ, ಸಭೆ ದೂಳು ಬೀಳುವ ಊರಿನಲ್ಲೇ ನಡೆಯುವುದೆ. ಸ್ಪಷ್ಟ ಉತ್ತರ ಬಾರದಿದ್ದರೆ ಆ ಸ್ಥಾನವನ್ನು ಒಪ್ಪಿಕೊಳ್ಳಬಾರದು.